ಹೊತ್ತು ಮೀರಿ ಹೊರಟ ಸವಾರಿ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಮನೆಗಳಲ್ಲಿ ಒಂದಾದರೂ ಪ್ರವಾಸದ ಮಾತು ಏಳುತ್ತದೆ. ನಂದಿಬೆಟ್ಟವೋ, ಜೋಗವೋ, ಉಳ್ಳಾಲದ ಕಡಲ ದಂಡೆಯೋ, ಯಾವುದೂ ಆಗದಿದ್ದರೆ ಊರಾಚೆಯ ಕೆರೆ ಏರಿಯೋ. ಫಜ್ರ್ ನಮಾಝ್ ಮುಗಿದ ಕೂಡಲೇ ಹೊರಟುಬಿಡಬೇಕೆಂದು ಗಂಡಸರು ಹಿಂದಿನ ರಾತ್ರಿಯೇ ತೀರ್ಪು ಕೊಟ್ಟಿರುತ್ತಾರೆ. ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಒಬ್ಬರ ಬುರ್ಖಾಕ್ಕೆ ಇಸ್ತ್ರಿ ಆಗಿಲ್ಲ, ಇನ್ನೊಬ್ಬರ ಮಗುವಿನ ಒಂದು ಚಪ್ಪಲಿ ಸಿಗುತ್ತಿಲ್ಲ, ಬಿರಿಯಾನಿಯ ಪಾತ್ರೆಗೆ ಮುಚ್ಚಳ ಕೂರುತ್ತಿಲ್ಲ. ವ್ಯಾನಿನವನು ಹಾರ್ನ್ ಹೊಡೆದು ಬೇಸತ್ತು ಚಹಾ ಕುಡಿಯಲು ಹೋಗಿರುತ್ತಾನೆ. ಮನೆಯ ಯಜಮಾನರು ಮುಖ ಊದಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿರುತ್ತಾರೆ. ದಾರಿಯಲ್ಲಿ ಎಲ್ಲೋ ಒಂದು ಹಾಡು ಏಳುತ್ತದೆ, ಅವರ ಮುಖವೂ ಸಡಿಲಾಗುತ್ತದೆ. ಹತ್ತು ವರ್ಷ ಕಳೆದ ಮೇಲೆ ನೋಡಿದ ಜಾಗ ಮರೆತುಹೋದರೂ ಈ ರಾದ್ಧಾಂತ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಇಂಥದ್ದೇ ಒಂದು ರಾದ್ಧಾಂತ ನಾನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾಬೂಲಿನ ಹತ್ತಿರದ ಬೆಟ್ಟಗಳಲ್ಲಿ ನಡೆಯಿತು. ಮುಖ ಊದಿಸಿಕೊಂಡವನು ಮೊಗಲ್ ಬಾದಶಹ ಹುಮಾಯೂನ್. ತಡ ಮಾಡಿದವರು ಅವನ ಬೇಗಂರು. ಬೇಗಂರನ್ನು ಹೊರಡಿಸಲು ಓಡಾಡಿದವರು ಅವನ ತಂಗಿ ಗುಲ್ಬದನ್ ಬೇಗಂ. ನಡೆದುದನ್ನೆಲ್ಲ ಮುಂದೊಂದು ದಿನ ಪರ್ಷಿಯನ್ ಭಾಷೆಯಲ್ಲಿ ಬರೆದಿಟ್ಟವರೂ ಅವರೇ. ಯುದ್ಧಗಳ ಲೆಕ್ಕವೇ ತುಂಬಿರುವ ಮೊಗಲ್ ಇತಿಹಾಸದಲ್ಲಿ ಒಂದು ಕುಟುಂಬ ಸಮೇತ ವಿಹಾರದ ಇಷ್ಟು ವಿವರವಾದ ದಾಖಲೆ ಉಳಿದಿರುವುದೇ ಒಂದು ಸೋಜಿಗ. ಅದರ ಹಿಂದೆ ಮುಂದೆ ಏನೇನಿತ್ತು ಎಂಬುದನ್ನು ನೋಡಿದರೆ ಆ ಸೋಜಿಗ ಇನ್ನಷ್ಟು ಹೆಚ್ಚುತ್ತದೆ.

ಗುಲ್ಬದನ್ ಹುಟ್ಟಿದ್ದು 1523ರ ಸುಮಾರಿಗೆ, ಕಾಬೂಲಿನಲ್ಲಿ. ಬಾಬರನ ಮಗಳು, ಹುಮಾಯೂನನ ಮಲತಂಗಿ, ಅಕ್ಬರನ ಸೋದರತ್ತೆ. ಹೆತ್ತ ತಾಯಿ ದಿಲ್ದಾರ್ ಬೇಗಂ ಆದರೂ ಸಾಕಿ ಬೆಳೆಸಿದವರು ಹುಮಾಯೂನನ ತಾಯಿ ಮಾಹಂ ಬೇಗಂ. ಅಕ್ಬರ್ ತನ್ನ ಆಳ್ವಿಕೆಯ ಇತಿಹಾಸವನ್ನು ಅಬುಲ್ ಫಝಲ್‌ನಿಂದ ಬರೆಯಿಸಲು ಮುಂದಾದಾಗ, ತಾತ ಬಾಬರ್ ಮತ್ತು ತಂದೆ ಹುಮಾಯೂನರನ್ನು ಕಂಡು ಬಲ್ಲ ಹಿರಿಯರೆಲ್ಲ ತಮಗೆ ನೆನಪಿರುವುದನ್ನು ಬರೆದುಕೊಡಬೇಕೆಂದು ಅಪ್ಪಣೆ ಮಾಡಿದ. ಹುಮಾಯೂನನಿಗೆ ಕೈಕಾಲು ತೊಳೆಯಲು ನೀರು ಕೊಡುತ್ತಿದ್ದ ಜೌಹರ್ ಎಂಬ ಸೇವಕನೂ ಬರೆದ, ಬಾಯಝೀದ್ ಬಯಾತ್ ಎಂಬ ಅಧಿಕಾರಿಯೂ ಬರೆದ. 1587ರ ಸುಮಾರಿಗೆ, ಅರವತ್ತು ದಾಟಿದ್ದ ಗುಲ್ಬದನ್ ಕೂಡ ಬರೆದರು. ಅದೇ ಇಂದು ನಾವು 'ಹುಮಾಯೂನ್ ನಾಮಾ' ಎಂದು ಕರೆಯುವ ಪುಸ್ತಕ.

ದರ್ಬಾರಿನ ಪಂಡಿತರ ಅಲಂಕಾರದ ಗದ್ಯ ಅದರಲ್ಲಿಲ್ಲ. ಹಜಾರದಲ್ಲಿ ಕೂತ ಹಿರಿಯಜ್ಜಿ ಮೊಮ್ಮಕ್ಕಳಿಗೆ ಹೇಳುವಂತೆ, ಒಂದು ನೆನಪಿನಿಂದ ಇನ್ನೊಂದಕ್ಕೆ ಜಾರುತ್ತ, ನಡುನಡುವೆ ತುರ್ಕಿ ಮಾತು ಬೆರೆಸುತ್ತ ಬರೆದಿದ್ದಾರೆ. ಬಾದಶಹರ ಬಗ್ಗೆ ಬರೆಯಿರಿ ಎಂದರೆ ಅವರಿಗೆ ಮೊದಲು ನೆನಪಾಗುವುದು ಬಾದಶಹರ ಜೊತೆ ಎಲ್ಲೆಲ್ಲಿಗೆ ಹೋಗಿದ್ದೆವು, ಏನು ತಿಂದೆವು, ಯಾರಿಗೆ ಸಿಟ್ಟು ಬಂತು ಎಂಬುದು.

1529ರಲ್ಲಿ ಆರು ವರ್ಷದ ಗುಲ್ಬದನ್ ಮಾಹಂ ಬೇಗಂ ಜೊತೆ ಕಾಬೂಲಿನಿಂದ ಆಗ್ರಾಕ್ಕೆ ಬಂದರು. ಹೆಂಡತಿ, ಮಗಳು ಬಂದ ಸಂತೋಷಕ್ಕೆ ಬಾಬರ್ ಅವರನ್ನು ಧೋಲ್‌ಪುರಕ್ಕೂ ಸಿಕ್ರಿಗೂ ಕರೆದುಕೊಂಡು ಹೋದ. ಧೋಲ್‌ಪುರದಲ್ಲಿ ಒಂದೇ ಬಂಡೆಯಲ್ಲಿ ಹತ್ತಕ್ಕೆ ಹತ್ತು ಅಳತೆಯ ಕೊಳವನ್ನು ಅವನು ಕಡೆಸಿದ್ದ. ಕೆಲಸ ಮುಗಿದ ಮೇಲೆ ಅದನ್ನು ಮದ್ಯದಿಂದ ತುಂಬಿಸುವುದೆಂದು ಹಿಂದೆ ಹೇಳಿಕೊಂಡಿದ್ದನಂತೆ. ಆದರೆ 1527ರಲ್ಲಿ ರಾಣಾ ಸಂಗಾನೊಡನೆ ಯುದ್ಧಕ್ಕೆ ಮುನ್ನ ಮದ್ಯ ತ್ಯಜಿಸಿ ತೌಬಾ ಮಾಡಿದ್ದರಿಂದ ಕೊಳಕ್ಕೆ ನಿಂಬೆ ಶರಬತ್ತು ತುಂಬಿಸಬೇಕಾಯಿತು! ಇದನ್ನು ಹೇಳುವವರು ಮಗಳು. ತಂದೆಯ ಹಳೆಯ ಚಟವನ್ನೂ ಮುಚ್ಚಿಡುವುದಿಲ್ಲ, ಆಮೇಲಿನ ತೌಬಾವನ್ನು ಹಿಡಿದು ಉಪದೇಶಕ್ಕೂ ಇಳಿಯುವುದಿಲ್ಲ.

ಸಿಕ್ರಿಯಲ್ಲಿ ನಡೆದದ್ದು ಎಲ್ಲ ಮಕ್ಕಳಿರುವ ಮನೆಗಳಲ್ಲಿ ನಡೆಯುವಂಥದ್ದು. ಅಲ್ಲಿನ ತೋಟದ ಚೌಕಂಡಿಯಲ್ಲಿ ಕೂತು ಬಾಬರ್ ತನ್ನ ಪುಸ್ತಕ ಬರೆಯುತ್ತಿದ್ದ. ಮುಂದೆ 'ಬಾಬರ್ ನಾಮಾ' ಎಂದು ಜಗತ್ತು ಓದಿದ ಪುಸ್ತಕವೇ ಅದು. ಒಂದು ದಿನ ಮಾಹಂ ಬೇಗಂ ನಮಾಝ್‌ಗೆ ಎದ್ದುಹೋದಾಗ ಪುಟ್ಟ ಗುಲ್ಬದನ್ ಮತ್ತು ಅಫ್ಘಾನಿ ಆಗಾಚಾ ಇಬ್ಬರೇ ಕೆಳಗೆ ಕೂತಿದ್ದರು. ಈ ಅಫ್ಘಾನಿ ಆಗಾಚಾ ಎಂದರೆ ಬಾಬರನ ಪತ್ನಿ, ಯೂಸುಫ್‌ಝೈ ಕುಲದ ಬೀಬಿ ಮುಬಾರಿಕಾ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ತನ್ನ ಕೈ ಹಿಡಿದು ಎಳೆಯುವಂತೆ ಹುಡುಗಿ ಹೇಳಿದಳು, ಚಿಕ್ಕಮ್ಮ ಎಳೆದರು, ಕೈ ಕೀಲು ತಪ್ಪಿತು. ಹುಡುಗಿ ಕಿರುಚಿ ಅತ್ತಳು. ಕಮಾನ್‌ಗಾರ್ ಎಂದು ಕರೆಯುತ್ತಿದ್ದ ಎಲುಬು ಕೂರಿಸುವವನನ್ನು ಕರೆಸಿದರು. ಮೂಲದಲ್ಲಿ ಆ ಮಾತಿಗೆ ಬಿಲ್ಲು ಮಾಡುವವನು ಎಂದರ್ಥ. ಬಾಗಿದ್ದನ್ನು ಬಿಗಿದು ಕಟ್ಟುವ ಕೈಗಳಿಗೆ ಎರಡೂ ಕೆಲಸ ಒಗ್ಗಿದ್ದಿರಬೇಕು. ಅವನು ಬಂದು ಕೈ ಕಟ್ಟಿದ ಮೇಲಷ್ಟೇ ಬಾಬರ್ ಆಗ್ರಾದ ಕಡೆ ಹೊರಟನಂತೆ. ಅರವತ್ತು ವರ್ಷಗಳ ಬಳಿಕ ಸಾಮ್ರಾಜ್ಯದ ಅಧಿಕೃತ ಇತಿಹಾಸಕ್ಕೆ ಸಾಮಗ್ರಿ ಒದಗಿಸಲು ಕುಳಿತ ಅಜ್ಜಿ ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ವಿಹಾರದ ಹುಚ್ಚು ಈ ಮನೆತನದ ರಕ್ತದಲ್ಲೇ ಇತ್ತೆಂದರೂ ತಪ್ಪಲ್ಲ. 1504ರಲ್ಲಿ ಕಾಬೂಲ್ ಹಿಡಿದ ಬಾಬರ್ ಅಲ್ಲಿನ ಬೆಟ್ಟದ ಬುಡದ ಹೂಗಳನ್ನು ಎಣಿಸಲು ಆಳುಗಳನ್ನು ಅಟ್ಟಿದವನು. 32 ಅಥವಾ 33 ಬಗೆಯ ಟುಲಿಪ್‌ಗಳು ಲೆಕ್ಕಕ್ಕೆ ಸಿಕ್ಕವೆಂದು ಬರೆದುಕೊಂಡಿದ್ದಾನೆ. ಕಾಬೂಲಿನ ಉತ್ತರದ ಇಸ್ತಾಲಿಫ್ ಅವನ ಮೆಚ್ಚಿನ ಊರು. ಅಲ್ಲಿದ್ದ ದೊಡ್ಡ ತೋಟವನ್ನು ಹಿಂದಿನ ಅರಸ ಉಲುಗ್ ಬೇಗ್ ಮಿರ್ಝಾ ಒಡೆಯರಿಂದ ಬಲವಂತವಾಗಿ ಕಿತ್ತುಕೊಂಡಿದ್ದ. ಬಾಬರ್ ಆ ಒಡೆಯರಿಗೆ ಬೆಲೆ ಕೊಟ್ಟು ಅದನ್ನು ತನ್ನದಾಗಿಸಿಕೊಂಡ. ತೋಟದ ನಡುವಿನ ತೊರೆ ಅಂಕುಡೊಂಕಾಗಿ ಹರಿಯುತ್ತಿದ್ದುದು ಅವನ ಕಣ್ಣಿಗೆ ಹಿಡಿಸಲಿಲ್ಲ, ಅದನ್ನು ನೇರ ಮಾಡಿಸಿದ. ಇಸ್ತಾಲಿಫಿನ ಕೆಳಗಿನ ಖ್ವಾಜಾ ಸೇಹ್ ಯಾರಾನ್ ಎಂಬ ಚಿಲುಮೆಯ ಸುತ್ತ ಅರ್ಗವಾನ್ ಮರಗಳು ಹೂಬಿಟ್ಟಾಗ ಭೂಮಿಯ ಮೇಲೆ ಅದಕ್ಕೆ ಸಾಟಿಯಾದ ಜಾಗವಿರಲಾರದು ಎಂಬುದು ಅವನ ಅಭಿಪ್ರಾಯ. ಗೆದ್ದ ಹಿಂದೂಸ್ತಾನದಲ್ಲಿ ಕೂತು ಕಾಬೂಲಿನಿಂದ ಬಂದ ಕರಬೂಜ ಹಣ್ಣು ಕೊಯ್ದು ಅತ್ತವನೂ ಇವನೇ.

1549ರ ಹೊತ್ತಿಗೆ ಈ ಕುಟುಂಬದ ಬಳಿ ಉಳಿದಿದ್ದುದು ಆ ಕಾಬೂಲ್ ಮತ್ತು ಅದರ ಸುತ್ತಲಿನ ಸೀಮೆ ಮಾತ್ರ. 1540ರಲ್ಲಿ ಶೇರ್ ಶಾ ಸೂರಿಯಿಂದ ಸೋತು ಹಿಂದೂಸ್ತಾನ ಕಳೆದುಕೊಂಡ ಹುಮಾಯೂನ್ ಸಿಂಧ್ ಮರುಭೂಮಿ ಅಲೆದು, ಇರಾನಿನ ಶಹಾನ ಆಶ್ರಯ ಪಡೆದು, 1545ರಲ್ಲಿ ತಮ್ಮ ಕಾಮ್ರಾನನಿಂದ ಕಾಬೂಲ್ ಗೆದ್ದಿದ್ದ. ಕಾಮ್ರಾನ್ ಸುಮ್ಮನಿರಲಿಲ್ಲ. ಅಣ್ಣ ಇಲ್ಲದ ಹೊತ್ತು ನೋಡಿ ಮತ್ತೆ ಕಾಬೂಲ್ ವಶಪಡಿಸಿಕೊಂಡ. 1547ರಲ್ಲಿ ಹುಮಾಯೂನ್ ಕೋಟೆಗೆ ಮುತ್ತಿಗೆ ಹಾಕಿದಾಗ ಪುಟ್ಟ ಅಕ್ಬರನನ್ನು ಕೋಟೆಗೋಡೆಯ ಮೇಲೆ ಫಿರಂಗಿಗಳ ಎದುರಿಗೆ ಹಿಡಿಸಿದ ಚಿಕ್ಕಪ್ಪ ಇವನೇ.

ಆ ಮುತ್ತಿಗೆಯಲ್ಲಿ ಗುಲ್ಬದನ್ ಕೂಡ ಕೋಟೆಯೊಳಗೇ ಇದ್ದರು. ಅವರ ಪತಿ ಖಿಝ್ರ್ ಖ್ವಾಜಾ ಖಾನ್ ಹೊರಗೆ, ಹುಮಾಯೂನನ ಪಕ್ಷದಲ್ಲಿ. ಗಂಡನಿಗೆ ಕಾಗದ ಬರೆದು ತನ್ನ ಕಡೆ ಕರೆಸಿಕೊಡಬೇಕೆಂದು ಕಾಮ್ರಾನ್ ಗುಲ್ಬದನ್‌ರನ್ನು ಪೀಡಿಸಿದ. ಅವರು ಕೊಟ್ಟ ಉತ್ತರ ಜಾಣತನದ್ದು: ನಾನು ಎಂದೂ ಅವರಿಗೆ ಸ್ವತಃ ಕಾಗದ ಬರೆದವಳಲ್ಲ, ಬರೆದರೂ ಅದು ನನ್ನದೆಂದು ಅವರಿಗೆ ಗುರುತು ಸಿಗದು, ನಿನಗೇನು ಬೇಕೋ ನೀನೇ ಬರೆ ಎಂಬರ್ಥದ ಮಾತು. ಇದು ಬರೆಯಲು ಬಾರದವರ ಉತ್ತರವಲ್ಲ. ಮುಂದೆ ಒಂದು ಇಡೀ ಪುಸ್ತಕವನ್ನೇ ಬರೆದವರ ಉತ್ತರ. ಈ ಕಾಗದದ ಪ್ರಸಂಗವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಆದ ಎರಡು ವರ್ಷಕ್ಕೆ ಬೇಗಂರಿಗೆ ರಿವಾಜ್ ನೋಡುವ ಆಸೆಯಾಯಿತು.

ರಿವಾಜ್ ಎಂದರೆ ಹೂವೂ ಅಲ್ಲ, ಹಣ್ಣೂ ಅಲ್ಲ. ಹಿಮ ಕರಗಿದ ಮೇಲೆ ಬೆಟ್ಟದ ಇಳಿಜಾರುಗಳಲ್ಲಿ ತಾನಾಗಿ ಏಳುವ ಅಗಲ ಎಲೆಯ ಗಿಡ. ಎಲೆ ತಿನ್ನುವಂತಿಲ್ಲ, ವಿಷ. ಕೆಂಪು ಛಾಯೆಯ ದಂಟು ಮಾತ್ರ ನಮ್ಮ ಪುಂಡಿಸೊಪ್ಪಿನಂತೆ ಹುಳಿ. ಕಾಬೂಲಿನವರು ಅದನ್ನು ರವಾಶ್ ಎನ್ನುತ್ತಾರೆ, ಸಿಪ್ಪೆ ಸುಲಿದು ಉಪ್ಪು ಹಚ್ಚಿ ಹಸಿಯಾಗಿಯೇ ತಿನ್ನುತ್ತಾರೆ. ಚಳಿಗಾಲವಿಡೀ ಒಣಹಣ್ಣು, ಮಾಂಸ ತಿಂದ ನಾಲಿಗೆಗೆ ವರ್ಷದ ಮೊದಲ ಹಸಿರು ಅದು. ನಮ್ಮಲ್ಲಿ ಮಕ್ಕಳು ಕಲ್ಲು ಹೊಡೆದು ಬೀಳಿಸಿದ ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿ ಚೀಪುವುದನ್ನು ನೆನೆದರೆ ಬೇಗಂರ ಆಸೆ ಅರ್ಥವಾದೀತು.

ಹುಮಾಯೂನ್ ಹೇಗೂ ಕೋಹ್ ದಾಮನ್ ಕಡೆ ತನ್ನ ಸೇನೆಯನ್ನು ನೋಡಲು ಹೊರಟಿದ್ದ. ಕಾಬೂಲಿನ ಉತ್ತರದ ಬೆಟ್ಟಸಾಲಿನ ತಪ್ಪಲಿಗೆ ಆ ಹೆಸರು. ಇಸ್ತಾಲಿಫ್, ಫರ್ಝಾ ಮೊದಲಾದ ಹಳ್ಳಿಗಳಿರುವುದು ಅಲ್ಲೇ. ನೀವೂ ಬನ್ನಿ, ರಿವಾಜ್ ನೋಡಿದ ಹಾಗೂ ಆಗುತ್ತದೆ ಎಂದ. ಹೊರಟವರಲ್ಲಿ ಹುಮಾಯೂನನ ಹಿರಿಯ ಪತ್ನಿ ಬೇಗಾ ಬೇಗಂ, ಅಕ್ಬರನ ತಾಯಿ ಹಮೀದಾ ಬಾನು ಬೇಗಂ, ಮಾಹ್ ಚೂಚಕ್ ಬೇಗಂ, ಗುಲ್ಬದನ್, ಇನ್ನೂ ಹಲವು ಹೆಂಗಸರು, ಹಾಡುವವರು, ಸೇವಕಿಯರು. ಎಲ್ಲರೂ ಕುದುರೆ ಏರಿದವರೇ.

ಮೊದಲ ವಿಘ್ನ ದಾರಿಯಲ್ಲೇ ಎದುರಾಯಿತು. ಅಡ್ಡ ಬಂದ ಒಂದು ನೀರಿನ ಕಾಲುವೆಯನ್ನು ದಾಟಲಾರದೆ ಅಫ್ಘಾನಿ ಆಗಾಚಾ ಕುದುರೆಯಿಂದ ಕೆಳಗೆ ಬಿದ್ದರು. ಅದರಿಂದ ಒಂದು ತಾಸು ತಡ. ಹುಮಾಯೂನನ ಮುಖದಲ್ಲಿ ಅಸಮಾಧಾನ ಕಾಣಿಸಿತು. ನೀವೆಲ್ಲ ಮುಂದೆ ಹೋಗಿರಿ, ನಾನು ಸ್ವಲ್ಪ ಅಫೀಮು ತೆಗೆದುಕೊಂಡು ಬೇಸರ ಇಳಿಸಿಕೊಂಡು ಬರುತ್ತೇನೆ ಎಂದುಬಿಟ್ಟ. ಹೆಂಗಸರು ಮೆಲ್ಲಗೆ ಮುಂದೆ ಸಾಗಿದರು. ಸ್ವಲ್ಪ ಹೊತ್ತಿಗೆ ಅವನು ಬಂದು ಸೇರಿಕೊಂಡಾಗ ಬೇಸರದ ಸುಳಿವೇ ಇರಲಿಲ್ಲ, ಮುಖ ನಗುತ್ತಿತ್ತು. ಅಫೀಮಿನ ಚಟ ಹುಮಾಯೂನನಿಗೆ ತಂದ ಕೇಡನ್ನು ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ, ನಾವದನ್ನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಸಿಟ್ಟು ತನಗೇ ಗೊತ್ತಾಗಿ, ಅದನ್ನು ಹೆಂಗಸರ ಮೇಲೆ ತೀರಿಸಿಕೊಳ್ಳುವ ಮೊದಲೇ ದೂರ ನಿಂತ ಬಾದಶಹ ಆ ಕಾಲಕ್ಕೆ ಅಪರೂಪವೇ ಸರಿ.

ಅಂದು ಬೆಳದಿಂಗಳ ರಾತ್ರಿ. ಕುದುರೆಗಳ ಮೇಲೆಯೇ ಮಾತು, ಕಥೆ. ಖಾನಿಶ್ ಆಗಾಚಾ, ಝರೀಫ್ ಎಂಬ ಗಾಯಕಿ, ಸರೂಸಹಿ, ಶಾಹಂ ಆಗಾ ಸಣ್ಣ ದನಿಯಲ್ಲಿ ಹಾಡಿಕೊಂಡು ಬಂದರು. ಹಾಡಿದವರ ಹೆಸರುಗಳೆಲ್ಲ ಮೂವತ್ತೆಂಟು ವರ್ಷದ ಮೇಲೂ ಗುಲ್ಬದನ್‌ರಿಗೆ ನೆನಪಿದ್ದವು. ತಂಗುವ ಜಾಗ ಮುಟ್ಟಿದಾಗ ಬಾದಶಹನ ಡೇರೆಯಾಗಲಿ ಬೇಗಂರ ಡೇರೆಗಳಾಗಲಿ ಇನ್ನೂ ಬಂದಿರಲಿಲ್ಲ. ಬಂದಿದ್ದ ಒಂದೇ ಒಂದು ಗುಡಾರದಲ್ಲಿ ಅಣ್ಣ, ತಂಗಿ, ಅತ್ತಿಗೆಯರು ಎಲ್ಲ ಒಟ್ಟಿಗೆ ಕೂತು ರಾತ್ರಿಯ ಮೂರನೆಯ ಜಾವ ದಾಟುವವರೆಗೆ ಮಾತಾಡಿದರು, ಅಲ್ಲೇ ನಿದ್ದೆ ಹೋದರು. ಸಾಮಾನಿನ ಗಾಡಿ ಹಿಂದೆ ಉಳಿದು ಹಾಸಿಗೆಯಿಲ್ಲದೆ ಕಳೆದ ಇಂಥ ರಾತ್ರಿಗಳೇ ಪ್ರವಾಸದ ಒಳ್ಳೆಯ ರಾತ್ರಿಗಳು ಎಂಬುದು ಹೋಗಿ ಬಂದವರಿಗೆಲ್ಲ ಗೊತ್ತು.

ಮರುದಿನ ಬೆಳಗ್ಗೆ ಬೆಟ್ಟ ಹತ್ತಿ ರಿವಾಜ್ ನೋಡಬೇಕು. ಬೇಗಂರ ಕುದುರೆಗಳನ್ನು ಹಳ್ಳಿಯಲ್ಲಿ ಕಟ್ಟಿದ್ದರು, ಅವು ಬರಲೇ ಇಲ್ಲ. ಹೊರಗಡೆ ಯಾರ ಕುದುರೆ ಸಿಕ್ಕರೂ ಹಿಡಿದು ತನ್ನಿರೆಂದು ಹುಮಾಯೂನ್ ಆಜ್ಞೆ ಮಾಡಿದ. ಕುದುರೆಗಳು ಬಂದವು, ಹತ್ತಿರಿ ಎಂದ. ಬೇಗಾ ಬೇಗಂ ಮತ್ತು ಮಾಹ್ ಚೂಚಕ್ ಬೇಗಂ ಇನ್ನೂ ಬಟ್ಟೆ ಉಡುತ್ತಿದ್ದರು!

ಇಂಥ ಗಳಿಗೆಯಲ್ಲಿ ನಡುವೆ ಓಡಾಡುವ ಪಾಡು ಯಾವ ಮನೆಯಲ್ಲಾದರೂ ನಾದಿನಿಯದೇ. ಅಪ್ಪಣೆಯಾದರೆ ನಾನು ಹೋಗಿ ಕರೆತರುತ್ತೇನೆ ಎಂದು ಗುಲ್ಬದನ್ ಅಣ್ಣನಿಗೆ ಹೇಳಿದರು. ಬೇಗ ಹೋಗು ಎಂದ. ಒಳಗೆ ಹೋಗಿ ಅತ್ತಿಗೆಯರಿಗೆ, ಕಾಯುವುದು ಎಂಥ ಕಷ್ಟ ನೋಡಿ, ಬಾದಶಹರ ಮರ್ಜಿಗೆ ನಾನೀಗ ಬಾಂದಿಯಾಗಿದ್ದೇನೆ ಎಂಬಂತೆ ಗೊಣಗಿದರು. ಅಂತೂ ಎಲ್ಲರನ್ನೂ ಒಟ್ಟು ಮಾಡಿಕೊಂಡು ಹೊರಗೆ ಬರುತ್ತಿದ್ದರೆ ಹುಮಾಯೂನನೇ ಎದುರು ಬಂದ. ಹೊರಡುವ ಹೊತ್ತು ಮೀರಿತು ಗುಲ್ಬದನ್, ಇನ್ನು ದಾರಿಯುದ್ದಕ್ಕೂ ಬಿಸಿಲು, ಇನ್ಶಾ ಅಲ್ಲಾಹ್ ಮಧ್ಯಾಹ್ನದ ನಮಾಝ್ ಮುಗಿಸಿ ಹೊರಡೋಣ ಎಂದು ಹೇಳಿ ಹಮೀದಾ ಬಾನು ಇದ್ದ ಡೇರೆಗೆ ಹೋಗಿ ಕೂತ. ಝುಹರ್ ಆಯಿತು. ಮತ್ತೆ ಕುದುರೆಗಳಿಗಾಗಿ ಕಾಯುವುದು. ಎರಡು ನಮಾಝ್‌ಗಳ ನಡುವಿನ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಕಾದು ಕಾದು ಹುಮಾಯೂನ್ ತಾನೇ ಮುಂದೆ ಹೊರಟುಹೋದ.

ಬೇಗಂರು ಹೋಗಿ ನೋಡಿದಾಗ ಬೆಟ್ಟದ ಮಡಿಲುಗಳಲ್ಲೆಲ್ಲ ರಿವಾಜ್ ಎಲೆ ಬಿಚ್ಚಿತ್ತು. ಕತ್ತಲಾಗುವವರೆಗೆ ಸುತ್ತಿದರು. ಸುತ್ತಿ ಮುಗಿಯುವ ಹೊತ್ತಿಗೆ ಇದ್ದ ಜಾಗದಲ್ಲೇ ಡೇರೆ ಹೊಡೆದಿದ್ದರು. ಆ ರಾತ್ರಿಯೂ ಎಲ್ಲರೂ ಹುಮಾಯೂನನ ಜೊತೆಗೇ ಕೂತು ಮಾತಿನಲ್ಲಿ ಕಳೆದರು.

ಎಲ್ಲ ಸರಿಹೋಯಿತು ಎನ್ನುವಾಗ ಮುಂಜಾನೆ ಕಾಗದಗಳು ಬಂದವು. ನಮಾಝ್ ಹೊತ್ತಿಗೆ ಹೊರಗೆ ಹೋದ ಹುಮಾಯೂನ್ ಅಲ್ಲಿಂದಲೇ ಬೇಗಾ ಬೇಗಂ, ಹಮೀದಾ ಬಾನು, ಮಾಹ್ ಚೂಚಕ್, ಗುಲ್ಬದನ್ ಮತ್ತು ಉಳಿದವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆದು ಕಳಿಸಿದ್ದ. ನಿಮ್ಮ ತಪ್ಪನ್ನು ನೀವೇ ಒಪ್ಪಿಕೊಂಡು, ನನಗೆ ಕೊಟ್ಟ ತೊಂದರೆಗೆ ಕ್ಷಮೆ ಕೋರಿ ಬರೆಯಿರಿ. ಬರೆದರೆ ಫರ್ಝಾದಲ್ಲೋ ಇಸ್ತಾಲಿಫಿನಲ್ಲೋ ನಿಮ್ಮನ್ನು ಬೀಳ್ಕೊಟ್ಟು ಸೇನೆಯ ಕಡೆ ಹೋಗುತ್ತೇನೆ, ಇಲ್ಲದಿದ್ದರೆ ನನ್ನ ದಾರಿ ನನಗೆ ಎಂಬುದು ಅದರ ತಾತ್ಪರ್ಯ. ಎಲ್ಲರೂ ಬರೆದುಕೊಟ್ಟರು. ಸವಾರಿ ಮುಂದೆ ಸಾಗಿತು.

ಎರಡು ವರ್ಷದ ಹಿಂದೆ ಕೋಟೆಯೊಳಗೆ ಒಬ್ಬ ಅಣ್ಣ ಬೆದರಿಸಿ ಕಾಗದ ಬರೆಯಿಸಲು ನೋಡಿದಾಗ ತನಗೆ ಬರೆದು ರೂಢಿಯಿಲ್ಲವೆಂದ ಗುಲ್ಬದನ್, ಇಲ್ಲಿ ಇನ್ನೊಬ್ಬ ಅಣ್ಣನ ಹುಸಿಮುನಿಸಿಗೆ ತಕ್ಷಣ ಲೇಖನಿ ಎತ್ತಿಕೊಂಡರು. ಅವರ ಪುಸ್ತಕದಲ್ಲಿ ಈ ಎರಡು ಪ್ರಸಂಗಗಳ ನಡುವೆ ಹೆಚ್ಚು ಪುಟಗಳ ಅಂತರವಿಲ್ಲ. ಯಾವ ಕಾಗದವನ್ನು ಯಾರಿಗೆ ಬರೆಯಬೇಕು, ಯಾರಿಗೆ ಬರೆಯಬಾರದು ಎಂಬ ವಿವೇಚನೆ ಅವರದೇ ಆಗಿತ್ತು.

ಹುಮಾಯೂನನಿಗೂ ಹೀಗೆ ಬರೆಯಿಸಿಕೊಳ್ಳುವ ಚಟ ಹೊಸದಲ್ಲ. ಹದಿನೈದು ವರ್ಷಗಳಷ್ಟು ಹಿಂದೆ, ಆಗ್ರಾದ ಯಮುನೆಯ ದಂಡೆಯಲ್ಲಿ ತಂದೆ ಮಾಡಿಸಿದ್ದ ಝರ್ ಅಫ್ಶಾನ್ ತೋಟದಲ್ಲಿ ಇಡೀ ಕುಟುಂಬ ಡೇರೆ ಹಾಕಿಕೊಂಡು ಇದ್ದಾಗಲೂ ಒಂದು ಜಗಳ ನಡೆದಿತ್ತು. ಅಂದು ತಪ್ಪಿತಸ್ಥ ಹುಮಾಯೂನನೇ. ದಿನವೂ ಹಿರಿಯ ಹೆಂಗಸರ, ಅಕ್ಕತಂಗಿಯರ ಡೇರೆಗಳಿಗೆ ಹೋಗುತ್ತಿದ್ದವನು ಬೇಗಾ ಬೇಗಂ ಕಡೆ ಹಲವು ದಿನಗಳಿಂದ ಸುಳಿದಿರಲಿಲ್ಲ. ಒಂದು ಬೆಳಗ್ಗೆ, ನಮ್ಮ ಡೇರೆಯ ದಾರಿಯಲ್ಲಿ ಮುಳ್ಳೇನೂ ಬೆಳೆದಿಲ್ಲವಲ್ಲ ಎಂಬ ಧಾಟಿಯಲ್ಲಿ ಬೇಗಾ ಬೇಗಂ ಎಲ್ಲರ ಮುಂದೆ ಕೇಳಿಯೇಬಿಟ್ಟರು. ಹುಮಾಯೂನ್ ಉತ್ತರ ಕೊಡದೆ ನಮಾಝ್‌ಗೆ ಹೋದ. ಆಮೇಲೆ ಎಲ್ಲರನ್ನೂ ಕರೆಸಿ, ಹಿರಿಯರನ್ನು ಸಂತೋಷಪಡಿಸುವುದು ತನ್ನ ಕರ್ತವ್ಯ, ಮೇಲಾಗಿ ತಾನು ಅಫೀಮು ತಿನ್ನುವವನು, ಬರುವುದು ಹೋಗುವುದು ಹೆಚ್ಚು ಕಡಿಮೆಯಾದರೆ ಕೋಪಿಸಬಾರದು, ಬಂದರೂ ಬರದಿದ್ದರೂ ನಮಗೆ ತೃಪ್ತಿಯಿದೆ ಎಂದು ಎಲ್ಲರೂ ಬರೆದುಕೊಡಿ ಎಂದ. ಗುಲ್‌ಬರ್ಗ್ ಬೇಗಂ ಕೂಡಲೇ ಬರೆದುಕೊಟ್ಟರು. ಬೇಗಾ ಬೇಗಂ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ, ಈ ಸಮಜಾಯಿಷಿ ತಪ್ಪಿಗಿಂತ ದೊಡ್ಡ ತಪ್ಪು ಎಂದು ವಾದಿಸಿಯೇ ಕೊನೆಗೆ ಬರೆದರು. ತಾನು ತಡ ಮಾಡಿದರೂ ಅವರು ಬರೆಯಬೇಕು, ಅವರು ತಡ ಮಾಡಿದರೂ ಅವರೇ ಬರೆಯಬೇಕು! ಬಾದಶಹನ ನ್ಯಾಯ ಈ ವಿಷಯದಲ್ಲಿ ಉಳಿದ ಗಂಡಸರ ನ್ಯಾಯಕ್ಕಿಂತ ಬೇರೆಯಾಗಿರಲಿಲ್ಲ. ರಿವಾಜ್ ನೋಡಲು ಹೋದಾಗ ಬೇಗಾ ಬೇಗಂ ಬಟ್ಟೆ ಉಡಲು ಅಷ್ಟು ಹೊತ್ತು ತೆಗೆದುಕೊಂಡಿದ್ದರಲ್ಲಿ ಆ ಹಳೆಯ ಬಾಕಿಯೂ ಸೇರಿತ್ತೇನೋ ಎಂದು ನಮಗೆ ಅನ್ನಿಸಿದ್ದುಂಟು.

ಬಿಹ್‌ಝಾದಿ ಎಂಬಲ್ಲಿ ಒಂದು ರಾತ್ರಿ ಕಳೆದು ಮಧ್ಯಾಹ್ನದ ನಮಾಝ್ ಹೊತ್ತಿಗೆ ಫರ್ಝಾದತ್ತ ಹೊರಟರು. ಅಲ್ಲಿ ಹಮೀದಾ ಬಾನು ಬೇಗಂ ಪ್ರತಿಯೊಬ್ಬರ ಬಿಡಾರಕ್ಕೆ ಒಂಬತ್ತೊಂಬತ್ತು ಕುರಿ ಕಳಿಸಿದರು. ತುರ್ಕಿ ಮಂಗೋಲ್ ಮನೆತನಗಳಲ್ಲಿ ಉಡುಗೊರೆಯನ್ನು ಒಂಬತ್ತರ ಲೆಕ್ಕದಲ್ಲಿ ಕೊಡುವುದು ಪದ್ಧತಿ. ಆದರೆ ಈ ಪ್ರವಾಸದಲ್ಲಿ ನಾವು ಯಾರಿಗಾದರೂ ಒಂದು ಸಲಾಂ ಹೇಳುವುದಿದ್ದರೆ ಅದು ಬೀಬಿ ದೌಲತ್ ಬಖ್ತ್ ಎಂಬ ಹೆಂಗಸಿಗೆ. ಅರಮನೆಯ ಅಡುಗೆ ಉಗ್ರಾಣ ನೋಡಿಕೊಳ್ಳುತ್ತಿದ್ದವರಂತೆ ಕಾಣುವ ಇವರು ಒಂದು ದಿನ ಮೊದಲೇ ಫರ್ಝಾ ತಲುಪಿ ಊಟ, ಹಾಲು, ಮೊಸರು, ಪಾನಕ, ಶರಬತ್ತು ಎಲ್ಲವನ್ನೂ ಸಿದ್ಧಮಾಡಿ ಇಟ್ಟಿದ್ದರು. ಬೆಳದಿಂಗಳ ಹಾಡು ಇವರ ಪಾಲಿಗೆ ಬರಲಿಲ್ಲ. ಮುನಿಸು, ಕ್ಷಮೆ, ಕಾಗದ ಯಾವುದರಲ್ಲೂ ಇವರ ಹೆಸರಿಲ್ಲ. ಪ್ರತಿ ಕುಟುಂಬದ ಪ್ರವಾಸದಲ್ಲೂ ಹೀಗೆ ಹಿಂದಿನ ದಿನವೇ ಒಲೆಯ ಮುಂದೆ ಕೂತ ಒಬ್ಬರಿರುತ್ತಾರೆ, ಫೋಟೋದಲ್ಲಿ ಅವರು ಇರುವುದಿಲ್ಲ. ಗುಲ್ಬದನ್ ಈ ಹೆಸರನ್ನು ಮರೆಯದೆ ಬರೆದರು ಎಂಬುದು ಅವರ ದೊಡ್ಡತನ.

ಫರ್ಝಾದ ಮೇಲ್ಗಡೆ ಒಂದು ಚಂದದ ಜಲಪಾತವಿತ್ತು. ಅದನ್ನು ನೋಡಿದ್ದಾಯಿತು. ಹುಮಾಯೂನ್ ಅಲ್ಲಿಂದ ಇಸ್ತಾಲಿಫಿಗೆ ಹೋಗಿ, ಮೂರು ದಿನ ಇದ್ದು, ಬಲ್ಖ್‌ನ ಮೇಲೆ ದಂಡೆತ್ತಿ ಹೊರಟ.

ಮೊಗಲ್ ಜನಾನಾ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರವೇ ಬೇರೆ. ಎತ್ತರದ ಗೋಡೆ, ಜಾಲಂಧ್ರ, ದಿಂಬಿಗೊರಗಿ ಕನ್ನಡಿ ನೋಡುತ್ತ ಕಾಲ ಕಳೆಯುವ ಹೆಂಗಸರು. ಯೂರೋಪಿನ ಪ್ರವಾಸಿಗಳು ಒಳಗೆ ಕಾಲಿಡದೆಯೇ ಊಹಿಸಿ ಬರೆದದ್ದನ್ನು ನಮ್ಮ ಸಿನಿಮಾಗಳು ಬಣ್ಣ ಹಚ್ಚಿ ತೋರಿಸಿದವು. ಬಾಬರ್, ಹುಮಾಯೂನರ ಕಾಲದಲ್ಲಿ ಈ ಕುಟುಂಬಕ್ಕೆ ಅಂಥ ಗೋಡೆಯೇ ಇರಲಿಲ್ಲ, ಮನೆ ಎಂದರೆ ಡೇರೆ ಮತ್ತು ಕುದುರೆ ಎಂಬುದನ್ನು ಇತಿಹಾಸಕಾರ್ತಿ ರೂಬಿ ಲಾಲ್ ಗುಲ್ಬದನ್‌ರ ಪುಸ್ತಕವನ್ನೇ ಆಧರಿಸಿ 2005ರಲ್ಲಿ ವಿವರವಾಗಿ ತೋರಿಸಿಕೊಟ್ಟರು. 2024ರಲ್ಲಿ ಗುಲ್ಬದನ್‌ರ ಜೀವನಚರಿತ್ರೆಯನ್ನೂ ಪ್ರಕಟಿಸಿದರು. ಹಾಗೆಂದು ಇದನ್ನು ಸ್ವರ್ಗವೆಂದು ಬಣ್ಣಿಸುವ ಅಗತ್ಯವೂ ಇಲ್ಲ. ಒಬ್ಬ ಗಂಡನ ಹಲವು ಹೆಂಡಿರು ಒಂದೇ ಸವಾರಿಯಲ್ಲಿದ್ದರು. ಅವನ ಮುಖದ ಬಣ್ಣ ನೋಡಿ ಎಲ್ಲರೂ ನಡೆಯಬೇಕಿತ್ತು. ಸಿಕ್ಕವರ ಕುದುರೆ ಹಿಡಿದು ತನ್ನಿರಿ ಎಂದಾಗ ಕುದುರೆ ಕೊಟ್ಟವರ ಪಾಡೇನಾಯಿತೆಂದು ಯಾರೂ ಬರೆಯಲಿಲ್ಲ. ಆದರೂ ಬಾದಶಹನನ್ನು ಮಧ್ಯಾಹ್ನದವರೆಗೆ ಕಾಯಿಸಿ, ಮರುದಿನ ಒಂದು ಕ್ಷಮೆಯ ಚೀಟಿಯಲ್ಲಿ ಮುಗಿಸಿಕೊಂಡ ಹೆಂಗಸರನ್ನು ಪಂಜರದ ಗಿಳಿಗಳೆಂದು ಕರೆಯುವುದು ಕಷ್ಟ.

ಬಲ್ಖ್‌ನ ದಂಡಯಾತ್ರೆ ಕೈಗೂಡಲಿಲ್ಲ. ಬರುತ್ತೇನೆಂದಿದ್ದ ಕಾಮ್ರಾನ್ ಬರಲೇ ಇಲ್ಲ, ಸೇನೆ ದಿಗಿಲುಬಿದ್ದು ಚದುರಿ ಹಿಂದಿರುಗಿತು. ಕಾಬೂಲ್ ಮತ್ತೆ ಕೈಬಿಟ್ಟಿತು, ಮತ್ತೆ ಸಿಕ್ಕಿತು. 1551ರ ನವೆಂಬರಿನ ಒಂದು ರಾತ್ರಿ ಕಾಮ್ರಾನನ ಕಡೆಯವರು ಮಾಡಿದ ದಾಳಿಯಲ್ಲಿ ಗುಲ್ಬದನ್‌ರ ಒಡಹುಟ್ಟಿದ ಅಣ್ಣ ಹಿಂದಾಲ್ ಸತ್ತ. ಅವನಿಗಾಗ 32 ವರ್ಷ. ಆ ಕತ್ತಿ ತನ್ನ ಎದೆಗೋ, ತನ್ನ ಮಗನಿಗೋ ಗಂಡನಿಗೋ ತಗುಲಬಾರದಿತ್ತೇ ಎಂದು ಗುಲ್ಬದನ್ ಗೋಳಿಟ್ಟು ಬರೆದಿದ್ದಾರೆ. ಅಲ್ಲಿಯವರೆಗೆ ಹಗುರಾಗಿ ಸಾಗುತ್ತಿದ್ದ ಗದ್ಯ ಅಲ್ಲಿ ಒಮ್ಮೆಲೇ ಒಡೆಯುತ್ತದೆ. ರಿವಾಜ್‌ನ ಬೆಟ್ಟಕ್ಕೂ ಹಿಂದಾಲನ ಗೋರಿಗೂ ನಡುವೆ ಎರಡೂವರೆ ವರ್ಷದ ಅಂತರ. ಬರೆಯಲು ಕುಳಿತಾಗ ಅವರಿಗೆ ಎರಡೂ ಗೊತ್ತಿದ್ದವು. ಬೆಳದಿಂಗಳ ರಾತ್ರಿಯನ್ನು ಬರೆಯುವಾಗ ಮುಂದೆ ಬರಲಿರುವ ಕತ್ತಲ ರಾತ್ರಿಯ ಸುಳಿವನ್ನೂ ಕೊಡದೆ, ಅದನ್ನು ಅಂದು ಇದ್ದ ಹಾಗೆಯೇ ಹಗುರಾಗಿ ಬಿಟ್ಟರಲ್ಲ, ಈ ಲೇಖನ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಅದೇ.

ಆಮೇಲೆ ಅವರು ಇನ್ನೂ ದೊಡ್ಡ ಪ್ರಯಾಣ ಮಾಡಿದರು. 1575ರಲ್ಲಿ, ಐವತ್ತು ದಾಟಿದ ಮೇಲೆ, ಅರಮನೆಯ ಹೆಂಗಸರ ತಂಡ ಕಟ್ಟಿಕೊಂಡು ಹಜ್‌ಗೆ ಹೊರಟು ವರ್ಷಗಟ್ಟಲೆ ಅಲ್ಲಿದ್ದು ನಾಲ್ಕು ಬಾರಿ ಹಜ್ ಮಾಡಿದರು. ಮರಳುವಾಗ ಅದನ್ ಬಳಿ ಹಡಗು ಒಡೆದು ತಿಂಗಳುಗಟ್ಟಲೆ ಸಿಕ್ಕಿಬಿದ್ದು 1582ರಲ್ಲಿ ಫತೇಪುರ್ ಸಿಕ್ರಿಗೆ ಬಂದರು. ಐದು ದಶಕಗಳ ಹಿಂದೆ ಕೈ ಕೀಲು ತಪ್ಪಿಸಿಕೊಂಡು ಅತ್ತ ಅದೇ ಸಿಕ್ರಿ, ಈಗ ಅಳಿಯನ ರಾಜಧಾನಿ. 1603ರಲ್ಲಿ ಅವರು ತೀರಿಕೊಂಡಾಗ ಅಕ್ಬರ್ ತಾನೇ ಜನಾಝಾಕ್ಕೆ ಒಂದಿಷ್ಟು ದೂರ ಹೆಗಲು ಕೊಟ್ಟ.

ಇಸ್ತಾಲಿಫನ್ನು 1842ರಲ್ಲಿ ಬ್ರಿಟಿಷ್ ಸೇನೆ ಸುಟ್ಟಿತು, 1990ರ ದಶಕದ ಕೊನೆಯ ಅಂತರ್ಯುದ್ಧದಲ್ಲಿ ಅದು ಮತ್ತೆ ಸುಟ್ಟುಹೋಯಿತು. ಗುಲ್ಬದನ್‌ರ ಪುಸ್ತಕದ ಒಂದು ಹಸ್ತಪ್ರತಿ ದಿಲ್ಲಿ, ಲಖನೌಗಳಲ್ಲಿ ಹಳೆಯ ಗ್ರಂಥ ಸಂಗ್ರಹಿಸುತ್ತಿದ್ದ ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಸೇರಿ, 1868ರಲ್ಲಿ ಅವನ ವಿಧವೆಯಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಯಿತು. ಅದನ್ನು 1902ರಲ್ಲಿ ಇಂಗ್ಲಿಷಿಗೆ ತಂದವರು ಆನೆಟ್ ಬೆವರಿಜ್. ಹೆಣ್ಣುಮಕ್ಕಳಿಗೆ ಶಾಲೆ ತೆರೆಯಬೇಕೆಂದು 1872ರಲ್ಲಿ ಕಲ್ಕತ್ತೆಗೆ ಬಂದಿದ್ದ ಮಹಿಳೆ ಇವರು. ಗಂಡ ಹೆನ್ರಿ ಬೆವರಿಜ್ ಅಬುಲ್ ಫಝಲ್‌ನ 'ಅಕ್ಬರ್ ನಾಮಾ'ವನ್ನು ಅನುವಾದಿಸುತ್ತಿದ್ದರೆ, ಹೆಂಡತಿ ಆಯ್ದುಕೊಂಡದ್ದು ಸೋದರತ್ತೆಯ ಪುಸ್ತಕವನ್ನು.

ಆ ಹಸ್ತಪ್ರತಿ ಪೂರ್ತಿಯಿಲ್ಲ. 1553ರಲ್ಲಿ ಕಾಮ್ರಾನನ ಕಣ್ಣು ಕೀಳಿಸಿದ ಪ್ರಸಂಗದ ಹತ್ತಿರ ಬಂದು ಅರ್ಧಕ್ಕೇ ನಿಂತುಬಿಡುತ್ತದೆ. ಮುಂದಿನ ಹಾಳೆಗಳು ಈವರೆಗೆ ಸಿಕ್ಕಿಲ್ಲ. ಕೋಹ್ ದಾಮನ್‌ನ ಆ ಮುಂಜಾನೆ ಬೇಗಂರು ಬರೆದುಕೊಟ್ಟ ಕ್ಷಮೆಯ ಕಾಗದಗಳೂ ಸಿಕ್ಕಿಲ್ಲ.